ಓಡುವುದಕ್ಕೂ ಒಂದು ಓದು

"ಓಡೋದಕ್ಕೂ ಓದ್ಬೇಕಾ ಮೇಷ್ಟ್ರೇ?" ಎಂದು, ವಸಂತನರಸಾಪುರದ ಮನೆಯೊಂದರ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರು, ಕೈಯ ಕೆಲಸವನ್ನು ನಿಲ್ಲಿಸದೆಯೂ ಮುಖವನ್ನೆತ್ತದೆಯೂ ಕಳೆದ ಮಾಗಿಯಲ್ಲಿ ನನ್ನನ್ನು ಕೇಳಿದಾಗ, ಆ ಮಾತಿನೊಳಗಿನ ಪ್ರಾಸಕ್ಕೆ ನನಗೆ ನಗು ಬಂದಿತೇ ಹೊರತು ತಕ್ಕ ಉತ್ತರವೊಂದು ಕೂಡಲೇ ಹೊಳೆಯಲಿಲ್ಲ. ದ್ವಿತೀಯ ಪಿ.ಯು.ಸಿ. ಓದುತ್ತಿರುವ ಅವರ ಮೊಮ್ಮಗ, ಓಟದ ಪಂದ್ಯಗಳಲ್ಲಿ ಒಂದೆರಡು ಪದಕಗಳನ್ನು ಗಳಿಸಿದವನು, ಮುಂದೆ ವ್ಯಾಯಾಮ ವಿಜ್ಞಾನವನ್ನೇ ಓದಬೇಕೆಂದೂ, ಅದನ್ನೂ ಜೆಸ್ವಿಟ್ ಪಾದ್ರಿಗಳು ನಡೆಸುವ ವಿಶ್ವವಿದ್ಯಾನಿಲಯದಲ್ಲಿಯೇ ಓದಬೇಕೆಂದೂ ಹಟ ಹಿಡಿದಿದ್ದನು. ಆ ವಿಚಾರವಾಗಿ ನಾಲ್ಕು ಮಾತು ಹೇಳಲೆಂದು ಮನೆಯವರು ನನ್ನನ್ನು ಕರೆಸಿದ್ದರು. ಅಜ್ಜಿ ಮುಂದುವರಿದು ಹೇಳಿದರು: "ನಾನು ಐವತ್ತು ವರ್ಷ ಬಗ್ಗಿ ರಾಗಿ ಹೊಲದ ಕಳೆ ಕಿತ್ತಿದೀನಿ. ಇವರಮ್ಮ ಫ್ಯಾಕ್ಟ್ರೀಲಿ ಎಂಟು ಗಂಟೆ ನಿಂತೇ ಇರ್ತಾಳೆ. ನಮಗ್ಯಾರು ವ್ಯಾಯಾಮ ಹೇಳ್ಕೊಟ್ರು?"

ಹಳ್ಳಿಯ ಮುದುಕಿಯ ಅಜ್ಞಾನವೆಂದು ಈ ಮಾತನ್ನು ತಳ್ಳಿಹಾಕುವವರು ಅದರ ತಿರುಳನ್ನು ಕಾಣದೆ ಹೋದಾರು. ದುಡಿಯುವ ದೇಹಕ್ಕೆ ವ್ಯಾಯಾಮ ಬೇರೆ ಬೇಕೆ ಎಂಬುದು ಆ ಪ್ರಶ್ನೆಯ ಒಂದು ಮುಖ. ಬೇಕೆನ್ನುವುದಾದರೆ ಅದನ್ನು ಮೈಯಿಂದ ಕಲಿಯುವುದು ಬಿಟ್ಟು ಪುಸ್ತಕದಿಂದ ಕಲಿಯಬೇಕೆ ಎಂಬುದು ಇನ್ನೊಂದು. ಹುಡುಗನ ಸೋದರಮಾವ ಅಲ್ಲಿಯೇ ಕುಳಿತಿದ್ದವರು ಮೂರನೆಯದೊಂದನ್ನು ಸೇರಿಸಿದರು: ಆತ್ಮದ ಉದ್ಧಾರಕ್ಕೆಂದು ಮನೆಮಠ ಬಿಟ್ಟ ಸಂನ್ಯಾಸಿಗಳಿಗೆ ಮಾಂಸಖಂಡಗಳ ವಿಚಾರದಲ್ಲಿ ಏನು ಕೆಲಸ? ಈ ಮೂರು ಪ್ರಶ್ನೆಗಳೂ ಒಂದೇ ಬಳ್ಳಿಯ ಕಾಯಿಗಳೆಂಬುದು ನನಗೆ ಮನೆಗೆ ಬಂದು ಯೋಚಿಸಿದ ಮೇಲೆ ತೋರಿತು.

ಮೊದಲು ಶಬ್ದವನ್ನು ನೋಡೋಣ. ಇಂಗ್ಲಿಷರ 'ಎಕ್ಸರ್‌ಸೈಸ್' ಎಂಬ ಮಾತಿಗೆ ನಾವು ಇಟ್ಟುಕೊಂಡಿರುವ ವ್ಯಾಯಾಮ ಎಂಬ ಹೆಸರು ಹೊಸದಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಅದಕ್ಕೆ ಲಕ್ಷಣವೇ ಉಂಟು. ದೇಹಕ್ಕೆ ಸ್ಥೈರ್ಯವನ್ನೂ ಬಲವನ್ನೂ ತರುವಂಥ, ಇಷ್ಟಪಟ್ಟು ಮಾಡುವ ಶರೀರಚೇಷ್ಟೆಯೇ ವ್ಯಾಯಾಮವೆಂದೂ, ಅದನ್ನು ಮಾತ್ರೆಯರಿತು ಆಚರಿಸತಕ್ಕದ್ದೆಂದೂ ಆ ಆಚಾರ್ಯನ ಅಭಿಪ್ರಾಯ. ಇದರಲ್ಲಿ ಎರಡು ಮಾತುಗಳನ್ನು ಓದುಗರು ಗಂಟುಕಟ್ಟಿಕೊಳ್ಳಬೇಕು: ಒಂದು ಇಷ್ಟ, ಇನ್ನೊಂದು ಮಾತ್ರೆ. ಮಾತ್ರೆಯೆಂದರೆ ಅಳತೆ, ನಮ್ಮ ಛಂದಸ್ಸಿನಲ್ಲಿ ಇಂದಿಗೂ ಅದೇ ಅರ್ಥ, ಔಷಧದಂಗಡಿಯಲ್ಲಿ ಮಾತ್ರ ಅದು ಗುಳಿಗೆಯಾಗಿ ಹೋಯಿತು. ಸುಶ್ರುತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕೆಂದು ವಿಧಿಸಿ, ಅರ್ಧವಾಯಿತೆಂಬುದನ್ನು ತಿಳಿಯುವ ಬಗೆಯನ್ನೂ ಹೇಳಿದ್ದಾನೆ: ಹೃದಯಸ್ಥಾನದಲ್ಲಿ ನೆಲೆಸಿರುವ ವಾಯುವು ಯಾವಾಗ ಬಾಯಿಗೆ ಬರುವುದೋ ಆಗ ಅರ್ಧಬಲ ಮುಗಿಯಿತೆಂದು ತಿಳಿಯಬೇಕಂತೆ. ಇಂದಿನ ಪ್ರಯೋಗಶಾಲೆಯವರು, ನಡೆಯುತ್ತ ಮಾತನಾಡಲು ಸಾಧ್ಯವಾಗಿ ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ ಶ್ರಮವೆಂದೂ, ಮಾತೂ ತುಂಡುತುಂಡಾದರೆ ಅದು ತೀವ್ರ ಶ್ರಮವೆಂದೂ ಜನಸಾಮಾನ್ಯರಿಗೆ ಹೇಳಿಕೊಡುವ ಸುಲಭ ಪರೀಕ್ಷೆಯು ಇದರ ಹತ್ತಿರದ ನೆಂಟನೇ ಸರಿ.

ಹೀಗೆಂದ ಮಾತ್ರಕ್ಕೆ ಎಲ್ಲವೂ ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ಎದೆಯುಬ್ಬಿಸುವುದು ನನ್ನ ಉದ್ದೇಶವಲ್ಲ. ಲಕ್ಷಣ ಹೇಳುವುದು ಬೇರೆ, ಅಳೆಯುವುದು ಬೇರೆ. ಅಳೆಯುವ ವಿದ್ಯೆ ಪ್ರೌಢವಾದುದು ಕಳೆದ ಶತಮಾನದಲ್ಲಿ. ಸ್ನಾಯುವು ದುಡಿಯುವಾಗ ಹುಟ್ಟುವ ಶಾಖವನ್ನು ಅಳೆದುದಕ್ಕಾಗಿ 1922ರ ನೊಬೆಲ್ ಪಾರಿತೋಷಕವನ್ನು ಜರ್ಮನಿಯ ಮೇಯರ್‌ಹಾಫನೊಡನೆ ಹಂಚಿಕೊಂಡ ಇಂಗ್ಲೆಂಡಿನ ಎ. ವಿ. ಹಿಲ್ ಎಂಬ ವಿಜ್ಞಾನಿ, ಉಸಿರನ್ನು ಹಿಡಿದಿಡುವ ದೊಡ್ಡ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ತಾನೇ ಹುಲ್ಲಿನ ಮೈದಾನದಲ್ಲಿ ಸುತ್ತು ಓಡಿ, ಓಟದ ವೇಗ ಹೆಚ್ಚಿದಂತೆಲ್ಲ ದೇಹವು ಸೇವಿಸುವ ಆಮ್ಲಜನಕವೂ ಹೆಚ್ಚುತ್ತ ಹೋಗಿ ಒಂದು ಮಟ್ಟಕ್ಕೆ ಬಂದ ಮೇಲೆ ಮುಂದಕ್ಕೆ ಏರದೆ ನಿಲ್ಲುವುದನ್ನು ಕಂಡುಕೊಂಡನು. ಆ ಮೇಲ್ಮಟ್ಟವೇ ಈ ಶಾಸ್ತ್ರದ ಅಡಿಗಲ್ಲು. ಸುಮ್ಮನೆ ಕುಳಿತಿರುವ ಮನುಷ್ಯನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷವೊಂದಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕವನ್ನು ಬಳಸಿದರೆ, ಅಭ್ಯಾಸವಿಲ್ಲದ ಯುವಕನು ಪರಮಾವಧಿ ಶ್ರಮದಲ್ಲಿ 35ರಿಂದ 40ರವರೆಗೂ, ದೂರದ ಓಟದ ಶ್ರೇಷ್ಠ ಪಟುಗಳು 70ನ್ನು ದಾಟಿಯೂ ಬಳಸುತ್ತಾರೆ. ಒಂದು ಲೀಟರ್ ಆಮ್ಲಜನಕ ಉರಿದರೆ ಹತ್ತಿರಹತ್ತಿರ 5 ಕಿಲೋ ಕ್ಯಾಲೊರಿ ಶಕ್ತಿ ಹೊರಡುತ್ತದೆಂಬ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ, ಮುದ್ದೆಯುಂಡು ಹೊಲಕ್ಕೆ ಹೋದವನ ಜಮಾಖರ್ಚು ಒಂದೇ ಹಾಳೆಯಲ್ಲಿ ಬರೆಯಬಹುದಾದಷ್ಟು ಸ್ಪಷ್ಟವಾಗುತ್ತದೆ.

ದೇಹವು ಈ ಶಕ್ತಿಯನ್ನು ಮೂರು ಕಣಜಗಳಿಂದ ತೆಗೆಯುತ್ತದೆ. ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ತುಮಕೂರಿನ ನಿಲ್ದಾಣದಲ್ಲಿ ಹೊರಟುಬಿಟ್ಟ ರೈಲನ್ನು ಕಂಡು ಪ್ಲಾಟ್‌ಫಾರಮ್ಮಿನ ಮೇಲೆ ಹತ್ತು ಸೆಕೆಂಡು ಪ್ರಾಣ ಬಿಟ್ಟು ಓಡುವರಲ್ಲ, ಆ ಓಟಕ್ಕೆ ಒದಗುವುದು ಸ್ನಾಯುವಿನಲ್ಲಿಯೇ ಸಿದ್ಧವಾಗಿ ಕೂತ ಫಾಸ್ಫೇಟಿನ ಸಣ್ಣ ನಿಧಿ; ಅಲ್ಲಿಂದ ಮುಂದೆ ಒಂದೆರಡು ನಿಮಿಷ ದೌಡಾಯಿಸಬೇಕಾದರೆ ಆಮ್ಲಜನಕದ ಹಂಗಿಲ್ಲದೆ ಸಕ್ಕರೆಯನ್ನು ಒಡೆಯುವ ಎರಡನೆಯ ಕಣಜ; ದೇವರಾಯನದುರ್ಗದ ಬೆಟ್ಟವನ್ನು ಬುಡದಿಂದ ಹತ್ತಬೇಕಾದರೆ, ಉಸಿರಿನ ಗಾಳಿಯಲ್ಲಿ ಸಕ್ಕರೆಯನ್ನೂ ಕೊಬ್ಬನ್ನೂ ನಿಧಾನವಾಗಿ ಉರಿಸುವ ಮೂರನೆಯದು. ಯಾವ ಕಣಜವನ್ನು ಯಾರಲ್ಲಿ ಎಷ್ಟು ಬೆಳೆಸಬೇಕು, ಅದಕ್ಕೆ ವಾರಕ್ಕೆ ಎಷ್ಟು ಸಲ, ಎಷ್ಟು ತೀವ್ರವಾಗಿ, ಎಷ್ಟು ಹೊತ್ತು, ಯಾವ ಬಗೆಯ ಚೇಷ್ಟೆ ಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ವ್ಯಕ್ತಿವ್ಯಕ್ತಿಯನ್ನು ನೋಡಿ ಉತ್ತರ ಬರೆಯುವುದೇ ವ್ಯಾಯಾಮ ವಿಜ್ಞಾನಿಯ ಕಸುಬು. ಮಾತ್ರೆಯರಿಯುವುದೆಂದರೆ ಇದೇ. ಕುಣಿಗಲ್ಲಿನ ಅಶ್ವಶಾಲೆಯಲ್ಲಿ, ಟಿಪ್ಪುವಿನ ಕಾಲದಿಂದ ಹೆಸರಾದ ಆ ಸ್ಥಳದಲ್ಲಿ, ಕುದುರೆಯೊಂದನ್ನು ಬೆಳೆಸುವವರಿಗೆ ಈ ಲೆಕ್ಕ ಹೊಸದಾಗಿ ತೋರಲಾರದು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಕುದುರೆಯ ಹೃದಯ ಜೂಜಿನ ಓಟದಲ್ಲಿ ಇನ್ನೂರಿಪ್ಪತ್ತನ್ನೂ ದಾಟುವುದರಿಂದ, ಅದಕ್ಕೆ ಮೇವಿಗೊಂದು ಅಳತೆ, ಓಟಕ್ಕೊಂದು ಅಳತೆ, ವಿಶ್ರಾಂತಿಗೊಂದು ಅಳತೆ ಇಡುವುದು ಅನಿವಾರ್ಯ. ಬೆಲೆ ಕೊಟ್ಟು ತಂದ ಪ್ರಾಣಿಗೆ ಸಲ್ಲುವ ಈ ಮರ್ಯಾದೆ ಸಂಬಳ ಕೊಟ್ಟು ಕರೆತಂದ ಪ್ರಾಣಿಗೆ ಸಂದಿದೆಯೇ ಎಂಬುದು ವಿಚಾರಣೀಯ.

ಇಲ್ಲಿಗೆ ಅಜ್ಜಿಯ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸುತ್ತದೆ: ದುಡಿಮೆಯೇ ವ್ಯಾಯಾಮವಲ್ಲವೆ?

ಹೌದೆನ್ನುವುದಕ್ಕೆ ಬಹು ಪ್ರಸಿದ್ಧವಾದ ಆಧಾರವೊಂದುಂಟು. ಜೆರೆಮಿ ಮಾರಿಸ್ ಎಂಬ ವೈದ್ಯನು ಲಂಡನ್ನಿನ ಸಾರಿಗೆ ನೌಕರರಲ್ಲಿ ಸುಮಾರು 31 ಸಾವಿರ ಗಂಡಸರ ಆರೋಗ್ಯವನ್ನು ಪರಿಶೀಲಿಸಿ 1953ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ದಿನವೆಲ್ಲ ಹತ್ತಿಳಿಯುವ ಕಂಡಕ್ಟರುಗಳಿಗಿಂತ, ಅದೇ ಬಸ್ಸಿನಲ್ಲಿ ಅದೇ ಹೊತ್ತು ಕುಳಿತೇ ದುಡಿಯುವ ಡ್ರೈವರುಗಳಿಗೆ ಹೃದಯಾಘಾತ ಹೆಚ್ಚೆಂದು ತೋರಿಸಿದನು. ದೈಹಿಕ ಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ನಂಟು ವೈದ್ಯಲೋಕಕ್ಕೆ ದೃಢವಾಗತೊಡಗಿದುದು ಅಲ್ಲಿಂದ. ಅಜ್ಜಿಯ ಪಕ್ಷ ಗೆದ್ದಿತೆಂದುಕೊಳ್ಳುವಷ್ಟರಲ್ಲಿ, ಅರುವತ್ತೈದು ವರ್ಷಗಳ ತರುವಾಯ, ಎಂದರೆ 2018ರಲ್ಲಿ, ಯೂರೋಪಿನ ಸಂಶೋಧಕರು ಹದಿನೇಳು ಅಧ್ಯಯನಗಳಲ್ಲಿ ಸೇರಿದ್ದ ಹತ್ತಿರಹತ್ತಿರ ಎರಡು ಲಕ್ಷ ಜನರ ವಿವರವನ್ನು ಒಟ್ಟುಗೂಡಿಸಿ ನೋಡಿದಾಗ, ಕೆಲಸದಲ್ಲಿ ಭಾರಿ ಶ್ರಮಪಡುವ ಗಂಡಸರಿಗೆ ಅಕಾಲ ಮರಣದ ಸಂಭವ, ಅಲ್ಪಶ್ರಮದ ಕೆಲಸದವರಿಗಿಂತ ಶೇಕಡಾ 18ರಷ್ಟು ಹೆಚ್ಚಾಗಿಯೇ ಇತ್ತೆಂಬುದು ಹೊರಬಿತ್ತು. ಬಿಡುವಿನ ವೇಳೆಯಲ್ಲಿ ಮಾಡುವ ಶ್ರಮ ಆಯುಸ್ಸನ್ನು ಹೆಚ್ಚಿಸುತ್ತದೆ, ಹೊಟ್ಟೆಪಾಡಿಗಾಗಿ ಮಾಡುವ ಶ್ರಮ ಹಲವು ವೇಳೆ ಅದನ್ನು ಕಡಿಮೆ ಮಾಡುತ್ತದೆ ಎಂಬ ಈ ವಿರೋಧಾಭಾಸವು ಇಂದಿನ ವ್ಯಾಯಾಮ ವಿಜ್ಞಾನದ ಅತ್ಯಂತ ತೊಡಕಾದ ಒಗಟುಗಳಲ್ಲಿ ಒಂದು.

ಒಗಟು ಬಿಡಿಸಲು ದೂರ ಹೋಗಬೇಕಾಗಿಲ್ಲ. ಗುಬ್ಬಿ ಸೀಮೆಯ ಯಾವುದಾದರೊಂದು ತೆಂಗಿನ ತೋಟಕ್ಕೆ ಹೋಗಿ ಕಾಯಿ ಸುಲಿಯುವವನ ಎದುರಿಗೆ ಅರ್ಧ ಗಂಟೆ ಕುಳಿತರೆ ಸಾಕು. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಯ ಮುಂದೆ ಕಾಲಗಲಿಸಿ ನಿಂತು, ಎರಡು ಕೈಯಿಂದಲೂ ಎತ್ತಿದ ಕಾಯನ್ನು ಅವನು ಮೊನೆಗೆ ಕುಕ್ಕುತ್ತಾನೆ; ಕುಕ್ಕಿದ ಕ್ಷಣದಲ್ಲಿ ಉಸಿರನ್ನು ಗಂಟಲಲ್ಲಿ ಬಿಗಿಹಿಡಿದು, ಹೊಟ್ಟೆಯನ್ನು ಕಲ್ಲು ಮಾಡಿ, ಹೆಗಲ ಭಾರವನ್ನೆಲ್ಲ ಮಣಿಕಟ್ಟಿಗೆ ಇಳಿಸಿ ಒಂದು ತಿರುಚು; ಮಟ್ಟೆ ಬಿರಿಯುತ್ತದೆ; ಹೂಂ ಎಂದು ಉಸಿರು ಹೊರಬೀಳುತ್ತದೆ; ಕಾಯಿ ಹೊರಳುತ್ತದೆ; ಮತ್ತೆ ಕುಕ್ಕು. ಉಸಿರು ಕಟ್ಟಿ ಸ್ನಾಯುವನ್ನು ಬಿಗಿಹಿಡಿದ ಪ್ರತಿಯೊಂದು ಸಲವೂ ಅವನ ರಕ್ತದೊತ್ತಡ ಥಟ್ಟನೆ ಮೇಲಕ್ಕೇರಿ ಇಳಿಯುತ್ತದೆ, ಮತ್ತು ಈ ಏರಿಳಿತ ದಿನಕ್ಕೆ ನೂರಾರು ಸಲ. ನಾಲ್ಕು ನಿಮಿಷಕ್ಕೊಮ್ಮೆ ನಿಂತು ಸುಧಾರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಇದೇ ಚೇಷ್ಟೆ ಅವನ ತೋಳಿಗೆ ಗರಡಿಮನೆಯ ಗದೆಯಾದೀತು. ಆದರೆ ಕಾಯಿಗಿಷ್ಟೆಂದು ಕೂಲಿ ಗೊತ್ತುಮಾಡಿದ ಮೇಲೆ ಸುಧಾರಿಸಿಕೊಳ್ಳುವವನು ಯಾರು?

ಭೇದವಿರುವುದು ಇಲ್ಲಿಯೇ. ವ್ಯಾಯಾಮವು ಹೃದಯವನ್ನು ಸ್ವಲ್ಪ ಹೊತ್ತು ಚೆನ್ನಾಗಿ ದುಡಿಸಿ ಬಹಳ ಹೊತ್ತು ವಿಶ್ರಮಿಸಗೊಡುತ್ತದೆ, ಆ ವಿಶ್ರಾಂತಿಯ ಅವಧಿಯಲ್ಲಿಯೇ ದೇಹ ತನ್ನನ್ನು ತಾನು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ದುಡಿಮೆಯಾದರೋ ಹೃದಯವನ್ನು ಗಟ್ಟಿಗೊಳಿಸುವಷ್ಟು ತೀವ್ರವೂ ಆಗದೆ, ದಣಿವಾರಿಸುವಷ್ಟು ವಿರಳವೂ ಆಗದೆ, ದಿನವಿಡೀ ಅದನ್ನು ಅರೆಬಿಸಿಯಲ್ಲಿ ಇಟ್ಟಿರುತ್ತದೆ. ಎಂಟು ಗಂಟೆಗಳ ದುಡಿಮೆಯ ಸರಾಸರಿ ಭಾರವು ಆಯಾ ವ್ಯಕ್ತಿಯ ಪರಮಾವಧಿ ಸಾಮರ್ಥ್ಯದ ಸುಮಾರು ಮೂರರಲ್ಲೊಂದು ಪಾಲನ್ನು ಮೀರಕೂಡದೆಂಬುದು ಶ್ರಮದ ಶರೀರಶಾಸ್ತ್ರವನ್ನು ಬಲ್ಲವರು ಬಹುಕಾಲದಿಂದ ಇಟ್ಟುಕೊಂಡಿರುವ ಒಂದು ಮಿತಿ. ಭಾರವೆತ್ತುವ ವಿಚಾರಕ್ಕೆ ಬಂದರೆ, ಎಲ್ಲ ಅನುಕೂಲಗಳೂ ಇರುವಾಗಲೂ 23 ಕಿಲೋಗ್ರಾಮಿಗಿಂತ ಹೆಚ್ಚನ್ನು ಎತ್ತಿಸಬಾರದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆಯು ತನ್ನ ಸೂತ್ರದಲ್ಲಿ ಹೇಳಿದೆ. ನಮ್ಮ ಮಂಡಿಗಳಲ್ಲಿ ಹಮಾಲರ ಬೆನ್ನೇರುವ ಐವತ್ತು ಕಿಲೋ ಚೀಲ ಅದರ ಇಮ್ಮಡಿಗಿಂತಲೂ ಹೆಚ್ಚು.

ವಸಂತನರಸಾಪುರಕ್ಕೆ ಇದು ಹೇಗೆ ಸಲ್ಲುವುದೆಂಬುದನ್ನು ವಿವರಿಸಬೇಕಾದುದೇ ಇಲ್ಲ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಈ ಬಯಲು ಕೈಗಾರಿಕಾ ಪ್ರದೇಶವಾಗಿ, 2014ರ ಸೆಪ್ಟೆಂಬರ್ 24ರಂದು ಪ್ರಧಾನಮಂತ್ರಿಗಳ ಕೈಯಿಂದ ಇಲ್ಲಿ ಫುಡ್ ಪಾರ್ಕಿನ ಬಾಗಿಲು ತೆರೆದ ಮೇಲೆ, ಊರಿನ ಹೆಸರು ಊರಿಗಿಂತ ದೊಡ್ಡದಾಗಿ ಬೆಳೆಯಿತು. ಅಜ್ಜಿಯ ಕಾಲದ ಶ್ರಮಕ್ಕೆ ಋತುಗಳಿದ್ದವು: ಬಿತ್ತನೆಯಲ್ಲಿ ನಡಿಗೆ, ಕಳೆಯಲ್ಲಿ ಬಗ್ಗುವುದು, ಕುಯ್ಲಿನಲ್ಲಿ ತೋಳು, ಕಣದಲ್ಲಿ ಸೊಂಟ, ಬೀಸುಕಲ್ಲಿನ ಮುಂದೆ ಭುಜ, ನಡುನಡುವೆ ಹಬ್ಬ ಜಾತ್ರೆಗಳ ಬಿಡುವು. ಆ ಬಾಳು ಸುಖದ್ದೆಂದು ನಾನು ಹೇಳಹೊರಟಿಲ್ಲ. ಅದರಲ್ಲಿ ಹಸಿವೂ ಇತ್ತು, ಸೊಂಟಮುರಿವ ಭಾರವೂ ಇತ್ತು. ಆದರೆ ದೇಹದ ಒಂದು ಅಂಗ ದುಡಿಯುವಾಗ ಇನ್ನೊಂದಕ್ಕೆ ಬಿಡುವಿರುವಂತೆ ಕಾಲವೇ ಪಾಳಿ ಹಾಕಿಕೊಡುತ್ತಿತ್ತು. ಈಗಿನ ಪಾಳಿ ಮನುಷ್ಯರನ್ನು ಬದಲಿಸುತ್ತದೆ, ಚೇಷ್ಟೆಯನ್ನು ಬದಲಿಸುವುದಿಲ್ಲ.

ಇದೆಲ್ಲವನ್ನೂ ಮಾತಿನಲ್ಲಿ ಹೇಳಿದರೆ ಅಜ್ಜಿ ಒಪ್ಪುವವರಲ್ಲವೆಂದು ತಿಳಿದು, ಮುಂದಿನ ಭಾನುವಾರ ನಾನು ಅದೇ ಜಗಲಿಯನ್ನು ಪ್ರಯೋಗಶಾಲೆಯನ್ನಾಗಿ ಮಾಡಲು ನಿಶ್ಚಯಿಸಿದೆ. ಮೆಟ್ಟಿಲು ಹತ್ತಿಳಿದು ಹೃದಯದ ಶಕ್ತಿಯನ್ನು ಅಂದಾಜು ಮಾಡುವ ಪರೀಕ್ಷೆಗಳು ಹಲವುಂಟು. ಅವುಗಳಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನ ಹೆಸರಿನದು ಬಡವರಿಗೆ ಒದಗುವಂಥದು. ಹದಿನಾರು ಕಾಲು ಅಂಗುಲ, ಎಂದರೆ ಒಂದು ಮೊಳಕ್ಕೆ ತುಸು ಕಡಿಮೆ ಎತ್ತರದ ಮೆಟ್ಟಿಲನ್ನು ಗಂಡಸರು ನಿಮಿಷಕ್ಕೆ 24 ಸಲ, ಹೆಂಗಸರು 22 ಸಲ, ಮೂರು ನಿಮಿಷ ಹತ್ತಿಳಿಯಬೇಕು. ನಿಂತ ಮೇಲೆ ಐದನೆಯ ಸೆಕೆಂಡಿನಿಂದ ಇಪ್ಪತ್ತನೆಯ ಸೆಕೆಂಡಿನವರೆಗೆ ನಾಡಿಯನ್ನು ಎಣಿಸಿ ನಾಲ್ಕರಿಂದ ಗುಣಿಸಬೇಕು. ಗಂಡಸರಿಗಾದರೆ, ಬಂದ ಸಂಖ್ಯೆಯನ್ನು 0.42ರಿಂದ ಗುಣಿಸಿ 111.33ರಲ್ಲಿ ಕಳೆದರೆ, ಹಿಲ್ಲನು ಚೀಲ ಹೊತ್ತು ಹುಡುಕಿದ ಆ ಮೇಲ್ಮಟ್ಟ ಸ್ಥೂಲವಾಗಿ ಸಿಕ್ಕುತ್ತದೆ. ಜಗಲಿಯನ್ನು ಟೇಪು ಹಿಡಿದು ಅಳೆದೆವು. ಒಂದು ಅಂಗುಲ ಹೆಚ್ಚಾಗಿದ್ದುದರಿಂದ ಕೆಳಗೊಂದು ಹಲಗೆ ಹಾಸಿದೆವು. ಹುಡುಗ ಹತ್ತಿಳಿದ. ತಾಳ ತಪ್ಪದಂತೆ ಅಜ್ಜಿಯೇ ಮೊರದ ಅಂಚಿಗೆ ಬೆರಳು ಬಡಿದರು. ನಾಡಿ ಹದಿನೈದು ಸೆಕೆಂಡಿಗೆ 36 ಬಡಿಯಿತು, ನಿಮಿಷಕ್ಕೆ 144, ಲೆಕ್ಕ 51ರ ಹತ್ತಿರ ನಿಂತಿತು. ಕೂತಲ್ಲಿ ಬಳಸುವುದರ ಹದಿನಾಲ್ಕು ಪಟ್ಟಿಗಿಂತ ಹೆಚ್ಚು ಆಮ್ಲಜನಕವನ್ನು ಹೀರಬಲ್ಲ ಹೃದಯವದು.

ಆ ಹೊತ್ತಿಗೆ ಅವನ ತಾಯಿ ಮೊದಲನೆಯ ಪಾಳಿ ಮುಗಿಸಿ ಮನೆಗೆ ಬಂದರು. ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ, ಬೆಲ್ಟಿನ ಮೇಲೆ ಸಾಗಿಬರುವ ಪೊಟ್ಟಣಗಳನ್ನು ಎತ್ತಿ ಪೆಟ್ಟಿಗೆಗೆ ತುಂಬುವುದು ಅವರ ಕೆಲಸ. ಬಲಗೈ ಭುಜದ ಮಟ್ಟಕ್ಕೆ ಏರುತ್ತದೆ, ಎಡಕ್ಕೆ ತಿರುಗುತ್ತದೆ, ಇಳಿಯುತ್ತದೆ, ಕಾಲು ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ. ಮಗನ ಒತ್ತಾಯಕ್ಕೆ ಸೆರಗು ಸಿಕ್ಕಿಸಿ ಅವರೂ ಜಗಲಿ ಹತ್ತಿದರು. ಒಂದೂವರೆ ನಿಮಿಷವಾಗುವಷ್ಟರಲ್ಲಿ ಉಸಿರು ಬಾಯಿಗೆ ಬಂತು; ಕಂಬ ಹಿಡಿದು ಕುಳಿತುಬಿಟ್ಟರು. "ದಿನಾ ಎಂಟು ಗಂಟೆ ನಿಂತೇ ದುಡೀತೀನಲ್ಲ ಸಾರ್, ಇದ್ಯಾಕೆ ಹಿಂಗೆ?" ಎಂದು ಕೇಳಿದಾಗ ಅವರ ಧ್ವನಿಯಲ್ಲಿದ್ದುದು ದಣಿವಿಗಿಂತ ಹೆಚ್ಚಾಗಿ ಮೋಸಹೋದ ಭಾವ. ಮೊರ ಬಡಿಯುತ್ತಿದ್ದ ಅಜ್ಜಿಯ ಬೆರಳು ನಿಂತಿತು. ನಾನೂ ಏನೂ ಹೇಳಲಿಲ್ಲ.

ನಿಂತಿರುವುದು ನಡೆಯುವುದಲ್ಲ. ನಡೆಯುವಾಗ ಮೀನಖಂಡವು ಹಿಂಡಿ ಹಿಂಡಿ ರಕ್ತವನ್ನು ಹೃದಯಕ್ಕೆ ಮೇಲೆತ್ತುತ್ತದೆ. ನಿಂತಾಗ ಅದೇ ರಕ್ತ ಕಾಲಿನಲ್ಲಿ ನಿಲ್ಲುತ್ತದೆ, ಸಂಜೆಗೆ ಪಾದ ಬಾತುಕೊಳ್ಳುತ್ತದೆ. ಬಲಭುಜದ ಸಣ್ಣ ಸ್ನಾಯುಗಳಿಗೆ ಇಡೀ ದಿನದ ದಣಿವಾದರೂ, ಎದೆಯೊಳಗಿನ ದೊಡ್ಡ ಸ್ನಾಯುವಿಗೆ ದಿನದಲ್ಲಿ ಹತ್ತು ನಿಮಿಷದ ಅಭ್ಯಾಸವೂ ಆಗಿರುವುದಿಲ್ಲ. ದೇಹವು ಯಾವುದನ್ನು ಕೇಳಿಸಿಕೊಳ್ಳುವುದೋ ಅದನ್ನೇ ಕಲಿಯುತ್ತದೆ, ಕೇಳಿಸಿಕೊಳ್ಳದುದನ್ನು ಬೇಗ ಮರೆಯುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಇಪ್ಪತ್ತರ ಹರೆಯದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಅಳೆದಾಗ ಅವರು ಕಳೆದುಕೊಂಡ ಸಾಮರ್ಥ್ಯ, ಅದೇ ಐವರು ಮುಂದಿನ ಮೂವತ್ತು ವರ್ಷಗಳ ವಯಸ್ಸಿನ ಭಾರದಿಂದ ಕಳೆದುಕೊಂಡುದಕ್ಕಿಂತ ಹೆಚ್ಚಾಗಿತ್ತು. ಅಭ್ಯಾಸದ ಪ್ರತಿಫಲವೂ ಅಷ್ಟೇ ಬೇಗ ದೊರೆಯುತ್ತದೆ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ರಕ್ತದ ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ, ಊಟವಾದ ಮೇಲಿನ ಕಾಲು ಗಂಟೆಯ ನಡಿಗೆ ಸಹ ಲೆಕ್ಕಕ್ಕೆ ಬರುತ್ತದೆ. ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಅಂದಾಜಾದ ದೇಶಕ್ಕೆ ಇದು ಸಣ್ಣ ಮಾತಲ್ಲ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದುದು ವಯಸ್ಕರೆಲ್ಲರಿಗೂ ಸಾಮಾನ್ಯವಾದ ಮಾತ್ರೆ. ಪಾಳಿ ಮುಗಿಸಿ ಬಂದ ಈ ತಾಯಿಗೆ ತಕ್ಕ ಮಾತ್ರೆಯನ್ನು ಬರೆಯಲು ಮಾತ್ರ, ಅವಳ ಭುಜವನ್ನೂ ಬೆಲ್ಟಿನ ಎತ್ತರವನ್ನೂ ನಿದ್ರೆಯ ಗಂಟೆಗಳನ್ನೂ ಒಟ್ಟಿಗೆ ಓದಬಲ್ಲವರೊಬ್ಬರು ಬೇಕು.

ಇನ್ನು ಪಾದ್ರಿಗಳ ವಿಚಾರ. ಜೆಸ್ವಿಟ್ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಎಂಬ ಸ್ಪೇನಿನ ಸಂತನ ಕಥೆ ಪ್ರಾರಂಭವಾಗುವುದೇ ಮುರಿದ ಕಾಲಿನಿಂದ. ಸೈನಿಕನಾಗಿದ್ದ ಅವನ ಕಾಲಿಗೆ 1521ರ ಮೇ 20ರಂದು ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿಯ ಗುಂಡು ತಗುಲಿತು. ಮೂಳೆಯನ್ನು ಕೂಡಿಸಿದರು, ಕೂಡಿದ್ದು ಸೊಟ್ಟಗಾಯಿತೆಂದು ಮತ್ತೆ ಮುರಿದು ಕೂಡಿಸಿದರು, ಹೊರಚಾಚಿದ ತುಣುಕನ್ನು ಗರಗಸದಿಂದ ಕೊಯ್ದರು, ಗಿಡ್ಡವಾದ ಕಾಲನ್ನು ಯಂತ್ರಕ್ಕೆ ಕಟ್ಟಿ ಎಳೆದರು. ಆದರೂ ಬಾಳಿನುದ್ದಕ್ಕೂ ಅವನು ಕುಂಟುತ್ತಲೇ ನಡೆದನು. ಆ ಹಾಸಿಗೆಯಲ್ಲಿ ಮನಸ್ಸು ತಿರುಗಿ ಅವನು ಬರೆದು 1548ರಲ್ಲಿ ಅಚ್ಚಾದ ಸಾಧನಾಗ್ರಂಥಕ್ಕೆ ಇಟ್ಟ ಹೆಸರು 'ಆಧ್ಯಾತ್ಮಿಕ ವ್ಯಾಯಾಮಗಳು' ಎಂದು. ನಡೆಯುವುದೂ ಓಡುವುದೂ ಹೇಗೆ ದೇಹದ ವ್ಯಾಯಾಮಗಳೋ ಹಾಗೆಯೇ ಇವು ಜೀವದ ವ್ಯಾಯಾಮಗಳೆಂದು ಗ್ರಂಥದ ಮೊದಲ ಸೂಚನೆಯಲ್ಲಿಯೇ ಅವನು ಹೋಲಿಸಿದ್ದಾನೆ. ಅದಕ್ಕಿಂತ ನಮಗೆ ಉಪಯುಕ್ತವಾದ ಮಾತೊಂದು ಸಂಘದ ನಿಯಮಾವಳಿಯಲ್ಲಿ ಉಂಟು. ಜೀವ ಕುಗ್ಗಿ ದೇಹ ಕೆಡುವಷ್ಟು ಮೈದುಡಿತವನ್ನು ಯಾರ ಮೇಲೂ ಹೇರುವುದು ಯುಕ್ತವಲ್ಲವೆಂದೂ, ಅಂತೆಯೇ ಓದುಬರೆಹದಲ್ಲಿ ಮುಳುಗಿದವರನ್ನೂ ಒಳಗೊಂಡು ಎಲ್ಲರಿಗೂ ಸ್ವಲ್ಪಮಟ್ಟಿಗೆ ದೇಹದ ವ್ಯಾಯಾಮ ಹಿತವೆಂದೂ ಆ ನಿಯಮದ ಆಶಯ. ದುಡಿಮೆ ಬೇರೆ, ವ್ಯಾಯಾಮ ಬೇರೆ ಎಂಬ ವಿವೇಕವು ಹದಿನಾರನೆಯ ಶತಮಾನದ ಒಂದು ಸಂನ್ಯಾಸಿ ಮಂಡಲಿಯ ಕಟ್ಟಳೆಯಲ್ಲಿ ಹೀಗೆ ಒಂದೇ ಉಸಿರಿನಲ್ಲಿ ಬಂದುದನ್ನು ಓದಿದಾಗ, ಪ್ಯಾಕಿಂಗ್ ಬೆಲ್ಟಿನ ಮುಂದಿನ ಆ ಬಲಗೈ ನನ್ನ ಕಣ್ಣೆದುರಿಗೆ ಬಂತು.

ನಮ್ಮ ನಾಡಿಗೂ ಇವರು ಹೊಸಬರಲ್ಲ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಜೆಸ್ವಿಟರು 1880ರಲ್ಲಿ ಅಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಆ ತಂಡದೊಡನೆ ಬಂದ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿ ಅದೇ ವರ್ಷ ಬಡವರಿಗಾಗಿ ಹೋಮಿಯೋಪತಿಯ ಚಿಕ್ಕದೊಂದು ಔಷಧಾಲಯವನ್ನು ಪ್ರಾರಂಭಿಸಿ, ಮುಂದೆ ಕುಷ್ಠರೋಗಿಗಳಿಗೂ ಆಶ್ರಯವೊದಗಿಸಿ, ಇಂದಿನ ಕಂಕನಾಡಿಯ ದೊಡ್ಡ ಆಸ್ಪತ್ರೆಗೆ ಬೀಜ ಬಿತ್ತಿದರು. ಪಾಠವೂ ಶುಶ್ರೂಷೆಯೂ ಒಂದೇ ಹಡಗಿನಲ್ಲಿ ಬಂದುವೆಂದರೆ ತಪ್ಪಾಗದು. ಬೆಂಗಳೂರಿನಲ್ಲಿ ಫ್ರೆಂಚ್ ಪಾದ್ರಿಗಳು 1882ರಲ್ಲಿ ಸ್ಥಾಪಿಸಿದ ಸಂತ ಜೋಸೆಫರ ಕಾಲೇಜು 1937ರಲ್ಲಿ ಜೆಸ್ವಿಟರ ಕೈಗೆ ಬಂದು, 2022ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಮಂಗಳೂರಿನದು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಬೆಂಗಳೂರಿನ ಜೆಸ್ವಿಟರ ಶಾಲೆಯಲ್ಲಿಯೂ ವಾಣಿಜ್ಯ ಕಾಲೇಜಿನಲ್ಲಿಯೂ ಓದಿದ ರಾಹುಲ್ ದ್ರಾವಿಡರು ಪದವಿ ಪಡೆದದ್ದು ವಾಣಿಜ್ಯದಲ್ಲಿ. ಆಟ ಒಂದು ಕಡೆ, ಓದು ಒಂದು ಕಡೆ ಎಂಬುದೇ ಅಂದಿನ ಲೋಕರೂಢಿಯಾಗಿತ್ತು. ಅಮೆರಿಕದಲ್ಲಿಯಾದರೆ, ಓಮಾಹಾ ನಗರದ ಕ್ರೈಟನ್, ಮಿಲ್ವಾಕಿಯ ಮಾರ್ಕೆಟ್ ಮೊದಲಾದ ಜೆಸ್ವಿಟ್ ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಯಾಮ ವಿಜ್ಞಾನವು ಪ್ರತ್ಯೇಕ ವ್ಯಾಸಂಗವಾಗಿಯೇ ನೆಲೆಗೊಂಡಿದೆ. ಶರೀರರಚನೆ, ಶರೀರಕ್ರಿಯೆ, ಚಲನೆಯ ಯಂತ್ರಶಾಸ್ತ್ರ, ಪೋಷಣೆ, ಮನಶ್ಶಾಸ್ತ್ರಗಳೊಂದಿಗೆ ತತ್ತ್ವಶಾಸ್ತ್ರವನ್ನೂ ನೀತಿಶಾಸ್ತ್ರವನ್ನೂ ಓದಿಸುವುದು ಆ ಸಂಪ್ರದಾಯದ ವೈಶಿಷ್ಟ್ಯ.

ಆದುದರಿಂದ ಹುಡುಗನಿಗೆ ನಾನು ಹೇಳಿದುದು ಇಷ್ಟು. ಈ ವಿದ್ಯೆ ಶಾಲೆಯ ವ್ಯಾಯಾಮ ಶಿಕ್ಷಕನಾಗುವ ವಿದ್ಯೆಯಲ್ಲ, ಅದಕ್ಕೆ ಬಿ.ಪಿ.ಎಡ್. ಇದೆ, ನೊಂದ ಅಂಗಕ್ಕೆ ಚಿಕಿತ್ಸೆ ಮಾಡುವ ಫಿಸಿಯೊಥೆರಪಿಯೂ ಅಲ್ಲ, ಅದರ ಪದವಿಯೂ ಅಧಿಕಾರವೂ ಬೇರೆ. ನೋವು ಬರುವುದಕ್ಕೆ ಮೊದಲೇ ಅಳತೆ ಹೇಳುವುದು ಇದರ ಕೆಲಸ. ಯಾವ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವುದಾದರೂ ಕಟ್ಟಡವನ್ನು ನೋಡಿ ಮರುಳಾಗದೆ, ಉಸಿರಿನ ಅನಿಲವನ್ನು ಅಳೆಯುವ ಯಂತ್ರ ಅಲ್ಲಿ ಉಂಟೆ, ಅದನ್ನು ಮುಟ್ಟಲು ವಿದ್ಯಾರ್ಥಿಗಳನ್ನು ಬಿಡುವರೆ, ಆಸ್ಪತ್ರೆಯಲ್ಲಿಯೋ ಕಾರ್ಖಾನೆಯಲ್ಲಿಯೋ ಕೆಲಕಾಲ ಕೆಲಸ ಕಲಿಸುವರೆ ಎಂಬುದನ್ನು ಕೇಳಬೇಕು. ಸಮುದ್ರ ದಾಟುವುದಾದರೆ ಸಾಲದ ಲೆಕ್ಕವನ್ನು ಮೊದಲು ಮಾಡಬೇಕು. ದಾಟದಿದ್ದರೆ, ಇಲ್ಲಿಯೇ ಜೀವವಿಜ್ಞಾನದಲ್ಲಿಯೋ ಪೋಷಣಶಾಸ್ತ್ರದಲ್ಲಿಯೋ ಗಟ್ಟಿಯಾದ ಪದವಿ ಪಡೆದು ಆಮೇಲೆ ಈ ಕಡೆಗೆ ಹೊರಳುವುದಕ್ಕೂ ದಾರಿಯಿದೆ. ಜೆಸ್ವಿಟರದಲ್ಲದಿದ್ದರೂ ಕ್ಯಾಥೊಲಿಕರದೇ ಆದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, ಭಾರತೀಯರ ದೇಹ ಎಷ್ಟು ಶಕ್ತಿಯನ್ನು ವ್ಯಯಿಸುವುದೆಂಬುದನ್ನು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಪರದೇಶದ ಕೋಷ್ಟಕಗಳು ನಮ್ಮ ಮೈಗೆ ಹಾಗೆಹಾಗೆಯೇ ಒಪ್ಪುವುದಿಲ್ಲವೆಂಬುದು ಅಂಥ ಕೆಲಸದಿಂದ ತಿಳಿದುಬಂದ ಪಾಠ. ರಾಗಿ ಉಂಡು, ಪಾಳಿ ದುಡಿದು, ಹಗಲು ನಿದ್ದೆ ಮಾಡುವ ವಸಂತನರಸಾಪುರದ ದೇಹಕ್ಕೆ ಕೋಷ್ಟಕವನ್ನು ಇನ್ನು ಮೇಲೆ ಯಾರಾದರೂ ಬರೆಯಬೇಕಾಗಿದೆ.

ನಾನು ಹೊರಡಲು ಎದ್ದಾಗ ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು, ಮೊದಲ ಸಲ ನನ್ನ ಮುಖವನ್ನು ನೋಡಿ ಕೇಳಿದರು: "ಓದ್ಲಿ ಬಿಡಿ ಮೇಷ್ಟ್ರೇ. ಓದಿ ಬಂದ್ಮೇಲೆ ಅವರಮ್ಮನಿಗೆ ಕೂರಾಕೆ ಒಂದು ಕುರ್ಚಿ ಕೊಡಿಸ್ತಾನಾ?"

ನಿಂತು ದುಡಿಯುವವರಿಗೆ, ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ಕುಳಿತುಕೊಳ್ಳಲು ತಕ್ಕ ಆಸನಗಳನ್ನು ಒದಗಿಸತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ವಿಧಿಯಲ್ಲಿ ಬರೆದಿತ್ತೆಂದು ನಾನು ಹೇಳಿದೆ. ಅಜ್ಜಿ, ಆ ಸಂಖ್ಯೆ ತನಗೇನೂ ಅಲ್ಲವೆಂಬಂತೆ, ಸೊಸೆಯ ಬಾತ ಪಾದವನ್ನು ನೋಡುತ್ತಿದ್ದರು. ಹುಡುಗ ಮಾತ್ರ ಟೇಪನ್ನು ಮತ್ತೆ ಬಿಚ್ಚಿ, ತಾಯಿಯನ್ನು ಗೋಡೆಗೆ ಒರಗಿ ನಿಲ್ಲಿಸಿ, ನೆಲದಿಂದ ಅವಳ ಮೊಣಕೈವರೆಗಿನ ಎತ್ತರವನ್ನು ಅಳೆದು, ಹೋಲಿಸಿ ನೋಡಲು ಬೆಲ್ಟು ಎಷ್ಟು ಎತ್ತರದಲ್ಲಿದೆಯೆಂದು ಕೇಳುತ್ತಿದ್ದನು. ಅವಳಿಗೆ ಗೊತ್ತಿರಲಿಲ್ಲ. ನಾಳೆ ನೋಡಿಕೊಂಡು ಬರುತ್ತೇನೆಂದಳು.